ಲಾಕ್‌ಅಪ್ ಬೀಳುತ್ತಿದೆಯೇ ಎಂದು ತಿಳಿಯುವುದು ಹೇಗೆ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಕಲಬುರಗಿಯ ರಿಂಗ್ ರೋಡ್ ದಾಟಿ ಹುಮನಾಬಾದಿನ ದಾರಿ ಹಿಡಿದು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಂದೇ ವೇಗದಲ್ಲಿ ಸಾಗುವಾಗ ಆಟೋಮ್ಯಾಟಿಕ್ ಕಾರಿನ ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿಟ್ಟರೆ, ಕೊನೆಯ ಗೇರ್ ಬಿದ್ದು ಸ್ವಲ್ಪ ಹೊತ್ತಿನ ಬಳಿಕ ಅದು ಮತ್ತೊಮ್ಮೆ 200ರಿಂದ 300ರಷ್ಟು ಕೆಳಗಿಳಿಯುವುದು ಕಾಣಿಸುತ್ತದೆ. ನಾಲ್ಕು ಗೇರಿನ ಹಳೆಯ ಕಾರಿನಲ್ಲಂತೂ ಐದನೆಯ ಗೇರ್ ಎಲ್ಲಿಂದಲೋ ಬಂದು ಬಿತ್ತೇನೋ ಎನ್ನಿಸುವಷ್ಟು ಇದು ಸ್ಪಷ್ಟವಾಗಿರುತ್ತದೆ. ಅದು ಗೇರ್ ಅಲ್ಲ, ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್, ಅಂದರೆ ಎರಡನ್ನೂ ನೇರವಾಗಿ ಜೋಡಿಸುವ ಕ್ಲಚ್. ಅದು ಬೀಳುತ್ತಿರುವವರೆಗೆ ಯಾರೂ ಅದನ್ನು ಗಮನಿಸುವುದಿಲ್ಲ. ಬೀಳುವುದು ನಿಂತ ಮೇಲೆ ಪೆಟ್ರೋಲ್ ಖರ್ಚು ಹೆಚ್ಚುತ್ತದೆ, ಗೇರ್‌ಬಾಕ್ಸ್ ಕಾಯುತ್ತದೆ, ಗ್ಯಾರೇಜಿನವರು ದೊಡ್ಡ ಮೊತ್ತವನ್ನು ಹೇಳುತ್ತಾರೆ.

ನನ್ನ ನಾಲ್ಕು ಗೇರಿನ ಹಳೆಯ ಕಾರಿಗೆ ಹೀಗೆಯೇ ಆಯಿತು. ಹೆದ್ದಾರಿಯಲ್ಲಿ ಮುಳ್ಳಿನ ಆ ಎರಡನೆಯ ಇಳಿತ ಒಮ್ಮೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಬರುತ್ತಿರಲಿಲ್ಲ. ತೋರಿಸಿದ ಗ್ಯಾರೇಜಿನಲ್ಲಿ ಕನ್ವರ್ಟರ್ ಕೆಟ್ಟಿದೆ, ಗೇರ್‌ಬಾಕ್ಸ್ ಇಳಿಸಿ ಅದನ್ನು ಹೈದರಾಬಾದಿಗೆ ಕಳುಹಿಸಬೇಕು ಎಂದರು. ಹಣ ಹೊಂದಿಸುವ ಯೋಚನೆಯಲ್ಲಿದ್ದಾಗ ಒಂದು ರಾತ್ರಿ ನೆರೆಮನೆಯವರು ಬಾಗಿಲು ತಟ್ಟಿ, "ನಿಮ್ಮ ಗಾಡೀದು ಹಿಂದಿನ ಕೆಂಪು ಲೈಟ್ ಆರೇ ಇಲ್ಲ ನೋಡ್ರಿ" ಎಂದರು. ಬ್ರೇಕ್ ಪೆಡಲ್ ಮೇಲೆದ್ದಾಗ ಸ್ವಿಚ್ಚನ್ನು ಒತ್ತಿ ಹಿಡಿಯಬೇಕಾದ ಸಣ್ಣದೊಂದು ರಬ್ಬರ್ ಬಿಲ್ಲೆ ಬಿಸಿಲಿಗೂ ವಯಸ್ಸಿಗೂ ಪುಡಿಯಾಗಿ ಉದುರಿತ್ತು. ಚಾಲಕ ಬ್ರೇಕ್ ಒತ್ತಿದ್ದಾನೆ ಎಂದು ಗಾಡಿಯ ಕಂಪ್ಯೂಟರ್ ಇಷ್ಟು ದಿನವೂ ಆಗಾಗ ತಿಳಿಯುತ್ತಿತ್ತು, ಬ್ರೇಕ್ ಒತ್ತಿರುವಾಗ ಲಾಕ್‌ಅಪ್ ಹಾಕಬಾರದೆಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿತ್ತು. ಬಿಲ್ಲೆ ಬದಲಿಸಿದ ದಿನವೇ ಮುಳ್ಳು ಮತ್ತೆ ಇಳಿಯಿತು. ಕೆಳಗೆ ಬರೆದಿರುವ ಪರೀಕ್ಷೆಗಳ ಕ್ರಮವನ್ನು ಆ ಅನುಭವದ ನಂತರವೇ ನಾನು ಹೊಂದಿಸಿಕೊಂಡೆ: ಮೊದಲು ಬ್ರೇಕ್ ಸ್ವಿಚ್, ನಂತರ ಆಯಿಲ್, ಬಳಿಕ ವಿದ್ಯುತ್, ಕಟ್ಟಕಡೆಗೆ ಕಬ್ಬಿಣ.

ನಿಮ್ಮ ಗಾಡಿಗೆ ಇದು ಅನ್ವಯಿಸುತ್ತದೆಯೇ

ಕ್ಲಚ್ ಪೆಡಲ್ ಇಲ್ಲದ ಎಲ್ಲ ಗಾಡಿಗಳಲ್ಲೂ ಟಾರ್ಕ್ ಕನ್ವರ್ಟರ್ ಇರುವುದಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಅಥವಾ ಎಜಿಎಸ್ ಎಂಬುದು ಮಾಮೂಲಿ ಗೇರ್‌ಬಾಕ್ಸೇ. ಅದರಲ್ಲಿ ಕ್ಲಚ್ ಒತ್ತುವ ಕೆಲಸವನ್ನು ಕಾಲಿನ ಬದಲು ಯಂತ್ರ ಮಾಡುತ್ತದೆ, ಕನ್ವರ್ಟರ್ ಇಲ್ಲ. ಎರಡು ಕ್ಲಚ್‌ಗಳ ಡಿಸಿಟಿಯಲ್ಲೂ ಇಲ್ಲ. ಕ್ರೆಟಾ ಡೀಸೆಲ್ಲಿನ ಆರು ಗೇರಿನ ಆಟೋಮ್ಯಾಟಿಕ್, ಹೊಸ ಬ್ರೆಝಾ ಮತ್ತು ಎರ್ಟಿಗಾದ ಆಟೋಮ್ಯಾಟಿಕ್, ಇನೋವಾ ಕ್ರಿಸ್ಟಾ ಆಟೋಮ್ಯಾಟಿಕ್ ಮುಂತಾದವುಗಳಲ್ಲಿ ಇದೆ. ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಹಲವು ಸಿವಿಟಿ ಗಾಡಿಗಳಲ್ಲೂ ಬೆಲ್ಟಿನ ಮುಂದೆ ಕನ್ವರ್ಟರ್ ಮತ್ತು ಲಾಕ್‌ಅಪ್ ಇರುತ್ತವೆ.

ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವಿನ ಆಯಿಲ್

ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ನಮ್ಮ ಭಾಗದಲ್ಲಿ ಅಪರೂಪವಾದ್ದರಿಂದ ಉದಾಹರಣೆಯನ್ನು ಅಲ್ಲಿಂದಲೇ ತೆಗೆದುಕೊಳ್ಳುವುದು ಸುಲಭ. ಎರಡು ಕೂಲರ್‌ಗಳ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಟ್ಟರೆ, ಅದರ ಗಾಳಿಗೆ ಎರಡನೆಯದರ ರೆಕ್ಕೆಗಳೂ ನಿಧಾನವಾಗಿ ತಿರುಗತೊಡಗುತ್ತವೆ. ಎರಡನೆಯದನ್ನು ಕೈಯಿಂದ ಹಿಡಿದು ನಿಲ್ಲಿಸಿದರೂ ಮೊದಲನೆಯದು ನಿಲ್ಲುವುದಿಲ್ಲ. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ಆಯಿಲ್ ಇದೆ. ಎಂಜಿನ್ನಿಗೆ ಕಚ್ಚಿಕೊಂಡ ರೆಕ್ಕೆಗಳ ಭಾಗಕ್ಕೆ ಪಂಪ್ ಎಂದೂ, ಗೇರ್‌ಬಾಕ್ಸಿನ ಶಾಫ್ಟಿಗೆ ಕಚ್ಚಿಕೊಂಡ ಭಾಗಕ್ಕೆ ಟರ್ಬೈನ್ ಎಂದೂ ಹೆಸರು. ಸಿಗ್ನಲ್ಲಿನಲ್ಲಿ ಗೇರ್ ಹಾಕಿಕೊಂಡೇ ಬ್ರೇಕ್ ಒತ್ತಿ ನಿಂತರೂ ಎಂಜಿನ್ ಬಂದ್ ಆಗದಿರುವುದಕ್ಕೆ ಈ ವ್ಯವಸ್ಥೆಯೇ ಕಾರಣ.

ಕೂಲರಿನ ಉದಾಹರಣೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಎರಡು ಫ್ಯಾನುಗಳ ನಡುವೆ ಬಲ ಹೆಚ್ಚುವುದಿಲ್ಲ, ಕನ್ವರ್ಟರಿನಲ್ಲಿ ಹೆಚ್ಚುತ್ತದೆ. ಟರ್ಬೈನಿನಿಂದ ಹೊರಬಿದ್ದ ಆಯಿಲ್ ನೇರವಾಗಿ ಪಂಪಿಗೆ ಮರಳಿದರೆ ಅದರ ತಿರುಗುವಿಕೆಗೆ ಅಡ್ಡಿಯಾಗುತ್ತದೆ. ನಡುವೆ ಕುಳಿತಿರುವ ಸ್ಟೇಟರ್ ಎಂಬ ಮೂರನೆಯ ರೆಕ್ಕೆಗಳ ಚಕ್ರ ಅದರ ದಿಕ್ಕನ್ನು ತಿರುಗಿಸಿ ಪಂಪಿಗೆ ನೆರವಾಗುವಂತೆ ಒಪ್ಪಿಸುತ್ತದೆ. ಹೀಗಾಗಿ ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಗುಬಲ ಗೇರ್‌ಬಾಕ್ಸನ್ನು ತಲುಪುವ ಹೊತ್ತಿಗೆ ಸುಮಾರು ಎರಡು ಪಟ್ಟಾಗಿರುತ್ತದೆ. ಟರ್ಬೈನಿನ ವೇಗ ಪಂಪಿನ ವೇಗಕ್ಕೆ ಹತ್ತಿರ ಬಂದಂತೆ ಈ ಲಾಭ ಕರಗುತ್ತದೆ, ಸ್ಟೇಟರ್ ತನ್ನ ಒಂದೇ ದಿಕ್ಕಿನ ಕ್ಲಚ್ಚಿನ ಮೇಲೆ ಸುಮ್ಮನೆ ತಿರುಗಲಾರಂಭಿಸುತ್ತದೆ, ಆಮೇಲೆ ಉಳಿಯುವುದು ಜಾರುವಿಕೆ ಮಾತ್ರ. ಜರ್ಮನಿಯ ಹೆರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ಪಡೆದದ್ದು ಹಡಗುಗಳ ಟರ್ಬೈನ್ ಎಂಜಿನ್ನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಪೆಟ್ರೋಲ್ ಪಂಪಿನ ಮುಂದೆ ಸಾಲುನಿಲ್ಲುವ ಕಾರುಗಳು ಆಗ ಅವರ ಲೆಕ್ಕದಲ್ಲಿ ಇರಲಿಲ್ಲ.

ಈ ಜಾರುವಿಕೆ ಎಷ್ಟು ದುಬಾರಿ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಎಂಜಿನ್ ನಿಮಿಷಕ್ಕೆ 2000 ಸುತ್ತು, ಟರ್ಬೈನ್ 1900 ಸುತ್ತು ತಿರುಗುತ್ತಿವೆ ಎನ್ನೋಣ. 100 ಸುತ್ತಿನ ಈ ವ್ಯತ್ಯಾಸ ಶೇಕಡಾ 5ರಷ್ಟು. ಹೆದ್ದಾರಿಯಲ್ಲಿ ಎಂಜಿನ್ 20 ಕಿಲೋವ್ಯಾಟ್ ಶಕ್ತಿ ಕೊಡುತ್ತಿದ್ದರೆ ಅದರಲ್ಲಿ 1 ಕಿಲೋವ್ಯಾಟ್ ಚಕ್ರಗಳನ್ನು ತಲುಪದೆ ಆಯಿಲಿನಲ್ಲಿ ಶಾಖವಾಗಿ ಉಳಿಯುತ್ತದೆ. ಬಕೆಟ್ಟಿನಲ್ಲಿ ಸ್ನಾನದ ನೀರು ಕಾಯಿಸುವ 1000 ವ್ಯಾಟಿನ ರಾಡನ್ನು ಗೇರ್‌ಬಾಕ್ಸಿನೊಳಗೆ ಇಳಿಬಿಟ್ಟು ಬೀದರಿನವರೆಗೆ ಹೋದಂತೆ ಇದು. ಮೇ ತಿಂಗಳಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುವ ಊರಿನಲ್ಲಿ, ಆ ಶಾಖವನ್ನು ಹೊರಹಾಕಬೇಕಾದ ರೇಡಿಯೇಟರಿಗೆ ತನ್ನದೇ ಹೊರೆ ಸಾಕಷ್ಟಿರುತ್ತದೆ.

ಪಂಪನ್ನೂ ಟರ್ಬೈನನ್ನೂ ಕಬ್ಬಿಣದಿಂದಲೇ ಜೋಡಿಸಿಬಿಡುವ ಉಪಾಯ ಹೊಸದಲ್ಲ; ಅಮೆರಿಕದ ಪ್ಯಾಕಾರ್ಡ್ ಕಾರಿನ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ 1949ರಲ್ಲೇ ಅದಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿತಾಯದ ಒತ್ತಡ ಬಂದಾಗ ಕ್ರೈಸ್ಲರ್ 1978ರಲ್ಲಿ ಅದನ್ನು ಮತ್ತೆ ತಂದಿತು, ಉಳಿದವರೂ ಅದೇ ದಾರಿ ಹಿಡಿದರು. ಕನ್ವರ್ಟರಿನ ಮುಂಭಾಗದ ಕವಚಕ್ಕೂ ಟರ್ಬೈನಿಗೂ ನಡುವೆ, ಘರ್ಷಣೆಯ ಲೈನಿಂಗ್ ಅಂಟಿಸಿದ ಒಂದು ತಟ್ಟೆ ಇರುತ್ತದೆ. ಸಾಮಾನ್ಯವಾಗಿ ಆಯಿಲ್ ಈ ತಟ್ಟೆಯ ಮುಂಬದಿಯಿಂದ ಒಳನುಗ್ಗುವುದರಿಂದ ತಟ್ಟೆ ಕವಚಕ್ಕೆ ತಾಗದೆ ದೂರ ಉಳಿಯುತ್ತದೆ. ಲಾಕ್‌ಅಪ್ ಬೇಕೆಂದಾಗ ಆಯಿಲಿನ ದಿಕ್ಕು ತಿರುಗುತ್ತದೆ: ಮುಂಬದಿಯ ಆಯಿಲ್ ಬರಿದಾಗುತ್ತದೆ, ಹಿಂಬದಿಯ ಒತ್ತಡ ತಟ್ಟೆಯನ್ನು ಕವಚಕ್ಕೆ ಒತ್ತುತ್ತದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಶಾಫ್ಟಿನಂತೆ ತಿರುಗುತ್ತವೆ. ಎಂಜಿನ್ನಿನ ಪ್ರತಿ ಸ್ಫೋಟದ ಕಂಪನವೂ ಆಗ ನೇರವಾಗಿ ಒಳಗೆ ಬರುವುದರಿಂದ ತಟ್ಟೆಯಲ್ಲಿ ಸ್ಪ್ರಿಂಗುಗಳನ್ನು ಅಳವಡಿಸಿರುತ್ತಾರೆ. ಹೊಸ ಗೇರ್‌ಬಾಕ್ಸುಗಳಲ್ಲಿ ಎರಡನೆಯ, ಮೂರನೆಯ ಗೇರಿನಿಂದಲೇ ತಟ್ಟೆಯನ್ನು ಪೂರ್ತಿ ಒತ್ತದೆ, ಕೆಲವೇ ಹತ್ತು ಸುತ್ತುಗಳಷ್ಟು ಜಾರಲು ಬಿಟ್ಟು ನಡೆಸುವುದೂ ಉಂಟು. ಅಂಥ ಗಾಡಿಗಳಲ್ಲಿ ಮುಳ್ಳಿನ ಇಳಿತ ಅಷ್ಟು ಎದ್ದು ಕಾಣುವುದಿಲ್ಲ.

ಸೊಲೆನಾಯ್ಡ್ ಮಾಡುವ ಕೆಲಸ

ಆಯಿಲಿನ ದಿಕ್ಕು ತಿರುಗಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸೊಲೆನಾಯ್ಡ್. ತಾಮ್ರದ ತಂತಿಯ ಸುರುಳಿ, ಅದರೊಳಗೆ ಕಬ್ಬಿಣದ ಪ್ಲಂಜರ್, ಪ್ಲಂಜರನ್ನು ಹಿಂದಕ್ಕೆ ದೂಡುವ ಸ್ಪ್ರಿಂಗ್, ಇಷ್ಟೇ ಅದರ ಸಾಮಗ್ರಿ. ಕರೆಂಟ್ ಹರಿದಾಗ ಸುರುಳಿ ಅಯಸ್ಕಾಂತವಾಗಿ ಪ್ಲಂಜರನ್ನು ಎಳೆಯುತ್ತದೆ, ಕರೆಂಟ್ ನಿಂತಾಗ ಸ್ಪ್ರಿಂಗ್ ಅದನ್ನು ಮರಳಿ ತರುತ್ತದೆ.

ಹೆಬ್ಬೆರಳಿನ ಗಾತ್ರದ ಈ ವಸ್ತುವೇ ಅಷ್ಟು ದೊಡ್ಡ ಕ್ಲಚ್ಚನ್ನು ಒತ್ತುತ್ತದೆ ಎಂಬ ತಪ್ಪು ತಿಳಿವಳಿಕೆ ಗ್ಯಾರೇಜುಗಳಲ್ಲೂ ಇದೆ. ಯಾದಗಿರಿ ಜಿಲ್ಲೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಗೇಟಿನ ಚಕ್ರ ತಿರುಗಿಸುವ ಒಬ್ಬ ಮನುಷ್ಯ ನೀರನ್ನು ಹೊತ್ತುಕೊಂಡು ಹೊಲಕ್ಕೆ ಹೋಗುವುದಿಲ್ಲ. ನೀರು ತನ್ನ ಬಲದಿಂದ ತಾನೇ ಹೋಗುತ್ತದೆ, ಅವನು ದಾರಿಯನ್ನಷ್ಟೇ ತೆರೆಯುತ್ತಾನೆ. ಗೇರ್‌ಬಾಕ್ಸಿನಲ್ಲಿ ಬಲ ಆಯಿಲ್ ಪಂಪಿನದು (ಇದು ಕನ್ವರ್ಟರಿನೊಳಗಿನ ಪಂಪ್ ಅಲ್ಲ, ಬೇರೆಯದು). ಅದರ ಒತ್ತಡ ವಾಲ್ವ್ ಬಾಡಿ ಎಂಬ, ನೂರಾರು ಸಣ್ಣ ಕಾಲುವೆಗಳನ್ನು ಕೊರೆದ ಅಲ್ಯೂಮಿನಿಯಂ ಫಲಕಕ್ಕೆ ಬರುತ್ತದೆ. ಅಲ್ಲಿ ಪೆನ್ಸಿಲ್ಲಿನಂತೆ ಉದ್ದನೆಯ ಸ್ಪೂಲ್ ವಾಲ್ವುಗಳು ಅತ್ತಿತ್ತ ಸರಿದು ಆಯಿಲನ್ನು ಈ ಕ್ಲಚ್ಚಿಗೋ ಆ ಕ್ಲಚ್ಚಿಗೋ ಕಳುಹಿಸುತ್ತವೆ. ಸೊಲೆನಾಯ್ಡ್ ಮಾಡುವುದು ಸ್ಪೂಲಿನ ತುದಿಗೆ ಬೀಳುವ ಸಣ್ಣ ಒತ್ತಡವನ್ನು ಬಿಡುವುದು ಅಥವಾ ತಡೆಯುವುದು. ಹೀಗಾಗಿ ಸೊಲೆನಾಯ್ಡ್ ಸರಿಯಿದ್ದು ಸ್ಪೂಲ್ ಕಸಕ್ಕೆ ಸಿಕ್ಕಿಕೊಂಡಿದ್ದರೂ ಲಾಕ್‌ಅಪ್ ಬೀಳುವುದಿಲ್ಲ, ಸೊಲೆನಾಯ್ಡ್ ಬದಲಿಸಿದರೂ ಬೀಳುವುದಿಲ್ಲ.

ಸೊಲೆನಾಯ್ಡುಗಳಲ್ಲಿ ಎರಡು ಜಾತಿ. ಒಂದು, ತೆರೆ ಅಥವಾ ಮುಚ್ಚು ಎಂಬ ಎರಡೇ ಸ್ಥಿತಿಯದು. ಟೊಯೋಟಾದ ಎ340 ಮಾದರಿಯ ನಾಲ್ಕು ಗೇರಿನ ಗೇರ್‌ಬಾಕ್ಸಿನಲ್ಲಿ ಇಂಥ ಎರಡೇ ಸೊಲೆನಾಯ್ಡುಗಳಿಂದ ನಾಲ್ಕೂ ಗೇರುಗಳನ್ನು ಪಡೆಯುತ್ತಾರೆ: ಮೊದಲನೆಯದಕ್ಕೆ ಮಾತ್ರ ಕರೆಂಟ್ ಇದ್ದರೆ ಒಂದನೆಯ ಗೇರ್, ಎರಡಕ್ಕೂ ಇದ್ದರೆ ಎರಡನೆಯದು, ಎರಡನೆಯದಕ್ಕೆ ಮಾತ್ರ ಇದ್ದರೆ ಮೂರನೆಯದು, ಯಾವುದಕ್ಕೂ ಇಲ್ಲದಿದ್ದರೆ ನಾಲ್ಕನೆಯದು. ಅಲ್ಲಿ ವೈರಿಂಗ್ ಪೂರ್ತಿ ಕಡಿದುಹೋದರೆ ಡಿ ಸ್ಥಾನದಲ್ಲಿ ಗಾಡಿ ನಾಲ್ಕನೆಯ ಗೇರಿನಲ್ಲೇ ಹೊರಡಲು ಒದ್ದಾಡುತ್ತದೆ. ಪಿಕಪ್ ಸತ್ತಿದೆ ಎಂದು ಎಂಜಿನ್ ಕೆಲಸಕ್ಕೆ ಹೊರಡುವವರು ಇದನ್ನು ನೆನಪಿನಲ್ಲಿಡಬೇಕು. ಲಾಕ್‌ಅಪ್ಪಿಗೆ ಬೇರೆಯೇ ಒಂದು ಸೊಲೆನಾಯ್ಡ್ ಇರುತ್ತದೆ. ಎರಡನೆಯ ಜಾತಿ, ಒತ್ತಡವನ್ನು ಹಂತಹಂತವಾಗಿ ಏರಿಳಿಸುವಂಥದು. ಕಂಪ್ಯೂಟರ್ ಅದರ ಕರೆಂಟನ್ನು ಸೆಕೆಂಡಿಗೆ ಹತ್ತಾರು, ನೂರಾರು ಬಾರಿ ಹಾಕಿ ತೆಗೆಯುತ್ತದೆ. ಹಾಕಿದ ಹೊತ್ತು ಹೆಚ್ಚಾದಷ್ಟೂ ಸರಾಸರಿ ಕರೆಂಟ್ ಹೆಚ್ಚು, ಪ್ಲಂಜರ್ ಅಷ್ಟು ದೂರ ಸರಿದು ನಿಲ್ಲುತ್ತದೆ. ಲಾಕ್‌ಅಪ್ ತಟ್ಟೆಯನ್ನು ಜರ್ಕ್ ಇಲ್ಲದೆ ಮೆಲ್ಲಗೆ ಕೂರಿಸಲು ಇದು ಬೇಕು.

ಲಾಕ್‌ಅಪ್ ಹಾಕುವ ಮುನ್ನ ಕಂಪ್ಯೂಟರ್ ಕೆಲವು ಸಂಗತಿಗಳನ್ನು ನೋಡುತ್ತದೆ. ಎಂಜಿನ್ನೂ ಗೇರ್ ಆಯಿಲೂ ಸಾಕಷ್ಟು ಬಿಸಿಯಾಗಿರಬೇಕು, ವೇಗ ಒಂದು ಮಟ್ಟ ದಾಟಿರಬೇಕು, ಆಕ್ಸಿಲರೇಟರ್ ಹೆಚ್ಚು ಅಲುಗಾಡದೆ ಇರಬೇಕು, ಬ್ರೇಕ್ ಸ್ವಿಚ್ ಬಿಟ್ಟಿರಬೇಕು, ಟರ್ಬೈನಿನ ವೇಗ ಹೇಳುವ ಸೆನ್ಸರ್ ನಂಬುವಂತಿರಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಸೊಲೆನಾಯ್ಡಿಗೆ ಕರೆಂಟೇ ಹೋಗುವುದಿಲ್ಲ. ಎಂಜಿನ್ನಿನ ತಂಪುನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಬಿದ್ದು ಎಂಜಿನ್ ಸದಾ ತಣ್ಣಗಿದ್ದು ಲಾಕ್‌ಅಪ್ ತಪ್ಪಿಸಿಕೊಳ್ಳುವುದು ನಮ್ಮ ಬೇಸಿಗೆಯಲ್ಲಿ ಕಷ್ಟ, ಆದರೆ ಡಿಸೆಂಬರಿನ ಬೀದರಿನ ಬೆಳಗಿನಲ್ಲಿ ಅಸಾಧ್ಯವಲ್ಲ.

ಚಾಲಕನ ಸೀಟಿನಲ್ಲಿ ಕುಳಿತು ಮಾಡುವ ಪರೀಕ್ಷೆಗಳು

ಮೊಟ್ಟಮೊದಲ ಪರೀಕ್ಷೆಗೆ ಗಾಡಿ ಚಾಲು ಮಾಡಬೇಕಾಗಿಯೂ ಇಲ್ಲ. ಕತ್ತಲಾದ ಮೇಲೆ ಗಾಡಿಯನ್ನು ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಬ್ರೇಕ್ ಪೆಡಲನ್ನು ಒತ್ತಿ ಬಿಡಿ, ಗೋಡೆಯ ಮೇಲಿನ ಕೆಂಪು ಬೆಳಕು ಕೂಡಲೇ ಆರುತ್ತದೆಯೇ ನೋಡಿ. ಎಂಜಿನ್ ಚಾಲು ಇರುವಾಗಲೂ ಒಮ್ಮೆ ನೋಡಿ, ಏಕೆಂದರೆ ಸವೆದ ಬಿಲ್ಲೆ ಕಂಪನಕ್ಕೆ ಮಾತ್ರ ತನ್ನ ಗುಣ ತೋರಿಸಬಹುದು. ಹೊಸ ಗಾಡಿಗಳ ಸ್ವಿಚ್ಚಿನಲ್ಲಿ ದೀಪಕ್ಕೊಂದು, ಕಂಪ್ಯೂಟರಿಗೊಂದು ಎಂದು ಎರಡು ಸಂಪರ್ಕಗಳಿರುತ್ತವೆ. ದೀಪ ಸರಿಯಿದ್ದರೂ ಎರಡನೆಯದು ಕೆಟ್ಟಿರಬಹುದು, ಅದು ಗಾಡಿಯ ಕಂಪ್ಯೂಟರಿನ ದಾಖಲೆ ಓದುವ ಸ್ಕ್ಯಾನರಿನಲ್ಲಿ ತಿಳಿಯುತ್ತದೆ.

ಎರಡನೆಯದು ರಸ್ತೆಯ ಮೇಲಿನ ಪರೀಕ್ಷೆ. ಒಬ್ಬರೇ ಹೋಗಬೇಡಿ, ಪಕ್ಕದಲ್ಲಿ ಕುಳಿತವರು ಅಂಕಿ ಬರೆದುಕೊಳ್ಳಲಿ. ಬೆಳಗಿನ ಹೊತ್ತು, ಹಿಂದೆ ಮುಂದೆ ಗಾಡಿಗಳಿಲ್ಲದ, ಸಮತಟ್ಟಾದ ನೇರ ರಸ್ತೆ ಬೇಕು. ಜೇವರ್ಗಿ ಕಡೆ ಭೀಮಾ ಸೇತುವೆಗೆ ಮೊದಲಿನ ಬಯಲು ಇದಕ್ಕೆ ಚೆನ್ನಾಗಿದೆ. 20 ನಿಮಿಷ ಓಡಿಸಿ ಬಿಸಿಯಾದ ಮೇಲೆ, ಕ್ರೂಸ್ ಕಂಟ್ರೋಲ್ ಬಳಸದೆ, 70ರಿಂದ 80 ಕಿಲೋಮೀಟರ್ ವೇಗದಲ್ಲಿ ಬಲಗಾಲನ್ನು ಅಲುಗಾಡಿಸದೆ ಹಿಡಿದು, ಎಡಗಾಲಿನ ತುದಿಯಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ, ಒಂದು ಕ್ಷಣ ಮುಟ್ಟಿ. ಬ್ರೇಕ್ ಹಿಡಿಯಬಾರದು. ಲಾಕ್‌ಅಪ್ ಬಿದ್ದಿದ್ದರೆ ಅದು ಬಿಟ್ಟುಕೊಂಡು ಆರ್‌ಪಿಎಂ 200ರಿಂದ 400ರಷ್ಟು ಮೇಲೇರುತ್ತದೆ, ಕಾಲು ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ಮುಳ್ಳು ಕದಲದೇ ಇದ್ದರೆ ಲಾಕ್‌ಅಪ್ ಬಿದ್ದೇ ಇರಲಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಕೆಲವು ಹೊಸ ಗಾಡಿಗಳು ಎರಡೂ ಪೆಡಲುಗಳು ಒಟ್ಟಿಗೆ ಒತ್ತಿದ್ದನ್ನು ಕಂಡರೆ ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡುತ್ತವೆ. ಎಡಗಾಲಿನ ಹತೋಟಿಯಲ್ಲಿ ನಿಮಗೆ ನಂಬಿಕೆ ಇಲ್ಲದಿದ್ದರೂ ಸರಿ, ಈ ಪರೀಕ್ಷೆ ಬಿಟ್ಟು ಮುಂದಿನದಕ್ಕೆ ಹೋಗಿ.

ಮುಂದಿನದು ನನಗೆ ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ಅಪಾಯ ಕಡಿಮೆ, ಲೆಕ್ಕ ಹೆಚ್ಚು. ಲಾಕ್‌ಅಪ್ ಬಿದ್ದಾಗ ಎಂಜಿನ್ನಿನ ಸುತ್ತಿಗೂ ಗಾಡಿಯ ವೇಗಕ್ಕೂ ಇರುವ ಸಂಬಂಧ ಗಟ್ಟಿಯಾಗಿರುತ್ತದೆ. ಟೈರಿನ ಸುತ್ತಳತೆ 2 ಮೀಟರ್, ಕೊನೆಯ ಗೇರಿನ ಅನುಪಾತ 0.7, ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ಹಲ್ಲುಚಕ್ರಗಳ (ಫೈನಲ್ ಡ್ರೈವ್) ಅನುಪಾತ 4.0 ಎಂದು ಇಟ್ಟುಕೊಳ್ಳೋಣ. 80 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 1333 ಮೀಟರ್, ಅಂದರೆ ಚಕ್ರ 667 ಸುತ್ತು, ಅದನ್ನು ಎರಡೂ ಅನುಪಾತಗಳ ಗುಣಲಬ್ಧವಾದ 2.8ರಿಂದ ಗುಣಿಸಿದರೆ ಎಂಜಿನ್ 1867 ಸುತ್ತಿನ ಆಸುಪಾಸಿನಲ್ಲಿರಬೇಕು. ಮುಳ್ಳು 2100 ತೋರಿಸುತ್ತಿದ್ದರೆ ಒಂದೋ ನೀವು ಕೊನೆಯ ಗೇರಿನಲ್ಲಿಲ್ಲ, ಇಲ್ಲವೇ ಕನ್ವರ್ಟರ್ ಜಾರುತ್ತಿದೆ. ನಿಮ್ಮ ಗಾಡಿಯ ಅನುಪಾತಗಳನ್ನು ಅದರ ವಿವರಪಟ್ಟಿಯಿಂದ ತೆಗೆದುಕೊಳ್ಳಿ. ವೇಗವನ್ನು ಡ್ಯಾಶ್‌ಬೋರ್ಡಿನಿಂದಲ್ಲದೆ ಮೊಬೈಲಿನ ಜಿಪಿಎಸ್‌ನಿಂದ ಓದಿಸಿ, ಏಕೆಂದರೆ ಸ್ಪೀಡೋಮೀಟರುಗಳು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತವೆ.

ಲೆಕ್ಕ ಬೇಡವೆನ್ನುವವರಿಗೆ ಏರುದಾರಿಯೇ ಉತ್ತರ ಹೇಳುತ್ತದೆ. ಕಮಲಾಪುರ ದಾಟಿ ರಸ್ತೆ ಬೀದರಿನ ಪ್ರಸ್ಥಭೂಮಿಯ ಕಡೆಗೆ ಏರುವಲ್ಲಿ, ಸಮತಟ್ಟಿನಲ್ಲಿದ್ದ ವೇಗವನ್ನೇ ಉಳಿಸಿಕೊಳ್ಳಲು ಆಕ್ಸಿಲರೇಟರನ್ನು ಮೆಲ್ಲಗೆ ಹೆಚ್ಚಿಸುತ್ತಾ ಹೋಗಿ. ಗೇರ್ ಬದಲಾಗದೆ, ವೇಗವೂ ಬದಲಾಗದೆ, ಮುಳ್ಳು ಮಾತ್ರ ಹೊರೆಗೆ ತಕ್ಕಂತೆ ಸ್ವಲ್ಪಸ್ವಲ್ಪವೇ ಏರಿದರೆ ಅಲ್ಲಿ ಕಬ್ಬಿಣದ ಜೋಡಣೆ ಇಲ್ಲ, ಆಯಿಲ್ ಮಾತ್ರ ಇದೆ. ಒಮ್ಮೆಗೇ 500ರಷ್ಟೋ ಅದಕ್ಕಿಂತ ಹೆಚ್ಚೋ ಜಿಗಿದರೆ ಅದು ಗೇರ್ ಇಳಿದದ್ದು, ಲೆಕ್ಕಕ್ಕಿಲ್ಲ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಲಾಕ್‌ಅಪ್ ಬಿಡದೇ ಉಳಿದರೆ, ಕ್ಲಚ್ ಒತ್ತದೆ ಬ್ರೇಕ್ ಹಾಕಿದ ಮಾಮೂಲಿ ಗಾಡಿಯಂತೆ, ನಿಲ್ಲುವ ಕ್ಷಣದಲ್ಲಿ ಎಂಜಿನ್ ಗದಗುಟ್ಟಿ ಬಂದ್ ಆಗುತ್ತದೆ. ಇದನ್ನು ಪರೀಕ್ಷಿಸುತ್ತಾ ಊರಲ್ಲಿ ಸುತ್ತಬೇಡಿ. ಮೂರನೆಯ ದೋಷ, 60ರಿಂದ 80ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿರುವಾಗ ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದಂತೆ ಒಂದೆರಡು ಸೆಕೆಂಡ್ ನಡುಗುವುದು. ಎಂಜಿನ್ ಮಿಸ್ಸಿಂಗ್ ಎಂದು ಪ್ಲಗ್ಗು, ಕಾಯಿಲುಗಳನ್ನು ಬದಲಿಸಿಕೊಂಡವರಿದ್ದಾರೆ. ಬ್ರೇಕ್ ದೀಪ ಹತ್ತುವಷ್ಟು ಪೆಡಲ್ ಮುಟ್ಟಿದ ಕೂಡಲೇ ನಡುಕ ನಿಂತರೆ ಅದು ಲಾಕ್‌ಅಪ್ ತಟ್ಟೆ ಹಿಡಿದು ಬಿಟ್ಟು ಮಾಡುತ್ತಿರುವುದು, ಪ್ಲಗ್ಗುಗಳ ತಪ್ಪಲ್ಲ.

ಆಯಿಲ್: ನಮ್ಮ ಊರಿನ ವಿಶೇಷ ತೊಂದರೆ

ನಡುಕದ ಗಾಡಿಗಳಲ್ಲಿ ಹಲವು ಬರೀ ಆಯಿಲ್ ಬದಲಾವಣೆಗೇ ಸರಿಹೋಗುತ್ತವೆ. ಗೇರ್‌ಬಾಕ್ಸಿನ ಆಯಿಲ್ ಎಷ್ಟು ನುಣುಪಾಗಿರಬೇಕು, ಎಷ್ಟು ಹಿಡಿಯಬೇಕು ಎಂಬುದನ್ನು ಅದರಲ್ಲಿ ಬೆರೆಸಿದ ರಾಸಾಯನಿಕಗಳು ನಿರ್ಧರಿಸುತ್ತವೆ. ಶಾಖಕ್ಕೆ ಅವು ಸಾಯುತ್ತವೆ. ಆದ್ದರಿಂದ ಟೊಯೋಟಾ ಡಬ್ಲ್ಯೂಎಸ್ ಕೇಳಿದರೆ ಅದನ್ನೇ, ಹ್ಯುಂಡೈ ಎಸ್‌ಪಿ-4 ಕೇಳಿದರೆ ಅದನ್ನೇ ಹಾಕಿಸಿ. ಎಲ್ಲ ಗಾಡಿಗೂ ನಡೆಯುತ್ತದೆ ಎಂದು ಕೆಂಪು ಬಣ್ಣದ ಯಾವುದೋ ಡಬ್ಬಿಯನ್ನು ತೋರಿಸುವ ಅಂಗಡಿಯಿಂದ ಎದ್ದು ಬರುವುದು ಉತ್ತಮ. ಕೆಳಗಿನ ಬೋಲ್ಟ್ ಬಿಚ್ಚಿದಾಗ ಸುಮಾರು ಅರ್ಧ ಆಯಿಲ್ ಮಾತ್ರ ಇಳಿಯುತ್ತದೆ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಹಾಗಾಗಿ ಬದಲಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಬದಲಿಸಬೇಕು.

ಆಯಿಲ್ ಮಟ್ಟ ನೋಡುವುದರಲ್ಲಿ ನಮ್ಮ ಭಾಗದ ಗ್ಯಾರೇಜುಗಳು ಒಂದು ತಪ್ಪನ್ನು ಅರಿವಿಲ್ಲದೆ ಮಾಡುತ್ತವೆ. ಈಗಿನ ಬಹಳಷ್ಟು ಗೇರ್‌ಬಾಕ್ಸುಗಳಿಗೆ ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಚಾಲು ಇಟ್ಟು, ಗಾಡಿಯನ್ನು ಸಮತಟ್ಟಾಗಿ ಮೇಲೆತ್ತಿ, ಆಯಿಲ್ ನಿಗದಿತ ಉಷ್ಣತೆಯಲ್ಲಿರುವಾಗ ಅಡಿಯ ಓವರ್‌ಫ್ಲೋ ಪ್ಲಗ್ ಬಿಚ್ಚಿ, ಹೆಚ್ಚಿನದು ಸುರಿದು ಹನಿಯಾಗುವವರೆಗೆ ಕಾದು ಮುಚ್ಚಬೇಕು. ಆ ಉಷ್ಣತೆ ಹಲವು ಗಾಡಿಗಳಲ್ಲಿ 40 ಡಿಗ್ರಿಯ ಆಸುಪಾಸು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಶೆಡ್ಡಿನಲ್ಲಿ ನಿಂತ ಗಾಡಿಯ ಆಯಿಲ್ ಎಂಜಿನ್ ಚಾಲು ಮಾಡುವ ಮೊದಲೇ ಅದನ್ನು ದಾಟಿರುತ್ತದೆ, ಓಡಿಸಿ ತಂದ ಗಾಡಿಯದು 80ರಲ್ಲಿರುತ್ತದೆ. ಬಿಸಿ ಆಯಿಲ್ ಹಿಗ್ಗುತ್ತದೆ: 7 ಲೀಟರ್ ಆಯಿಲ್ 40 ಡಿಗ್ರಿಯಿಂದ 80ಕ್ಕೆ ಏರಿದರೆ ಸುಮಾರು 200 ಮಿಲಿಲೀಟರ್ ಹೆಚ್ಚುತ್ತದೆ. ಹಿಗ್ಗಿದ್ದನ್ನು ಹೆಚ್ಚಾಗಿದೆಯೆಂದು ಚೆಲ್ಲಿ ಪ್ಲಗ್ ಮುಚ್ಚಿದರೆ, ತಣ್ಣಗಾದ ಮೇಲೆ ಅಷ್ಟು ಆಯಿಲ್ ಕಡಿಮೆಯೇ. ಮಟ್ಟ ಮೊದಲೇ ಅಂಚಿನಲ್ಲಿದ್ದರೆ ಪಂಪ್ ಗಾಳಿ ಎಳೆಯುತ್ತದೆ, ಆಯಿಲ್ ನೊರೆಯಾಗುತ್ತದೆ, ಒತ್ತಡ ಕುಸಿದು ತಟ್ಟೆ ಜಾರುತ್ತದೆ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆಯುವ ಊರು ನಮ್ಮದು. ಈ ಕೆಲಸಕ್ಕೂ ಬೆಳಗಿನ ಆರು ಗಂಟೆಯೇ ಸರಿಯಾದ ವೇಳೆ. ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ.

ಆಯಿಲ್ ಚೇಂಬರ್ ಬಿಚ್ಚಿದಾಗ ಒಳಗಿನ ಆಯಸ್ಕಾಂತಗಳನ್ನು ನೀವೇ ಕಣ್ಣಾರೆ ನೋಡಿ. ಕಾಡಿಗೆಯಂತೆ ನುಣ್ಣಗಿನ ಬೂದು ಲೇಪವಿದ್ದರೆ ಸಹಜ ಸವೆತ. ಕೈಗೆ ಚುಚ್ಚುವ ಚೂರುಗಳಿದ್ದರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಮುಂದಿನ ಪರೀಕ್ಷೆಗಳಿಗೆ ಖರ್ಚು ಮಾಡುವ ಬದಲು ಗೇರ್‌ಬಾಕ್ಸ್ ಇಳಿಸುವ ಮಾತಾಡಬೇಕಾಗುತ್ತದೆ.

ಮೀಟರ್ ಹಿಡಿದು ನೋಡುವುದು

ಸ್ಕ್ಯಾನರಿನಲ್ಲಿ ಪಿ0700 ಎಂಬ ದೋಷಸಂಖ್ಯೆ ಬಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೊಂದು ದೋಷ ದಾಖಲಾಗಿದೆ ಎಂದಷ್ಟೇ ಅರ್ಥ. ಅಗ್ಗದ ಬ್ಲೂಟೂತ್ ರೀಡರುಗಳು ಅಲ್ಲಿಗೇ ನಿಲ್ಲುತ್ತವೆ, ಗೇರ್‌ಬಾಕ್ಸಿನ ದಾಖಲೆ ತೆರೆಯುವ ಸ್ಕ್ಯಾನರ್ ಬೇಕು. ಪಿ0743 ಲಾಕ್‌ಅಪ್ ಸೊಲೆನಾಯ್ಡಿನ ವಿದ್ಯುತ್ ದೋಷ. ಪಿ0741 ಎಂದರೆ ಅಪ್ಪಣೆ ಕೊಟ್ಟರೂ ಲಾಕ್‌ಅಪ್ ಬೀಳಲಿಲ್ಲ, ಪಿ0742 ಎಂದರೆ ಬಿಡಲಿಲ್ಲ. ಈ ಕೊನೆಯ ಎರಡು ಸಂಖ್ಯೆಗಳನ್ನು ಓದಿದ ಕೂಡಲೇ ಸೊಲೆನಾಯ್ಡ್ ತರಿಸುವುದು ಅವಸರದ ಕೆಲಸ, ಏಕೆಂದರೆ ತಪ್ಪು ಸ್ಪೂಲಿನದ್ದೋ ತಟ್ಟೆಯದ್ದೋ ಆಯಿಲಿನದ್ದೋ ಆಗಿರಬಹುದು.

ವಿದ್ಯುತ್ ಪರೀಕ್ಷೆಗೆ ಬ್ಯಾಟರಿ ತಂತಿ ಬಿಚ್ಚಿ, ಗೇರ್‌ಬಾಕ್ಸಿನ ಹೊರಗಿನ ಕನೆಕ್ಟರ್ ಎಳೆದು, ಮೊದಲು ಪಿನ್ನುಗಳನ್ನು ನೋಡಿ. ಒಳಗಿನ ಆಯಿಲ್ ಒಸರಿ ಬಂದಿದೆಯೇ, ಪಿನ್ ಹಸಿರುಗಟ್ಟಿದೆಯೇ, ವೈರನ್ನು ಇಲಿ ಕಡಿದಿದೆಯೇ ಎಂಬುದು ಅಲ್ಲೇ ತಿಳಿಯಬಹುದು. ನಂತರ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಸೊಲೆನಾಯ್ಡಿನ ಪಿನ್ನುಗಳ ನಡುವೆ ಅಳೆಯಿರಿ. ತೆರೆ-ಮುಚ್ಚು ಜಾತಿಯವು ಟೊಯೋಟಾದ ಅನೇಕ ಗೇರ್‌ಬಾಕ್ಸುಗಳಲ್ಲಿ 20 ಡಿಗ್ರಿ ಉಷ್ಣತೆಯಲ್ಲಿ 11ರಿಂದ 15 ಓಮ್ ತೋರಿಸುತ್ತವೆ, ಒತ್ತಡ ಏರಿಳಿಸುವ ಜಾತಿಯವು 5ರ ಆಸುಪಾಸು. ಬೇರೆ ಕಂಪನಿಗಳ ಅಂಕಿ ಬೇರೆ ಇರುವುದರಿಂದ ನಿಮ್ಮ ಗಾಡಿಯ ಮ್ಯಾನುಯಲ್ಲನ್ನೇ ಪ್ರಮಾಣವೆಂದು ಹಿಡಿಯಿರಿ. ಆ 20 ಡಿಗ್ರಿ ಎಂಬ ಮಾತನ್ನು ಮರೆಯಬಾರದು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ, 13 ಓಮಿನ ಸುರುಳಿ 100 ಡಿಗ್ರಿಯ ಆಯಿಲಿನಲ್ಲಿ 17 ಓಮ್ ತೋರಿಸಿದರೆ ಅದು ಕೆಟ್ಟಿಲ್ಲ. ಬಿಸಿಯಾದಾಗ ಮೀಟರ್ ಅನಂತವನ್ನು ತೋರಿಸಿ, ತಣ್ಣಗಾದಾಗ ಮತ್ತೆ 13ಕ್ಕೆ ಬಂದರೆ ಒಳಗಿನ ತಂತಿ ಬಿರುಕುಬಿಟ್ಟಿದೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೈಕೊಡುವ ಗಾಡಿಗಳಲ್ಲಿ ಈ ಕಾರಣಕ್ಕೇ ಎರಡು ಸಲ ಅಳೆಯಬೇಕು.

ತೆರೆ-ಮುಚ್ಚು ಸೊಲೆನಾಯ್ಡಿಗೆ 12 ವೋಲ್ಟ್ ತಾಗಿಸಿದಾಗ ಟಕ್ ಎಂಬ ಸದ್ದು ಕೇಳಿಸಬೇಕು. 5 ಓಮಿನದಕ್ಕೆ ಹಾಗೆ ನೇರವಾಗಿ ತಾಗಿಸಬಾರದು; ಎರಡು ಆಂಪಿಯರಿಗಿಂತ ಹೆಚ್ಚು ಹರಿದು ಸುರುಳಿ ಸುಟ್ಟೀತು. ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ನಡುವೆ ಸರಣಿಯಲ್ಲಿ ಜೋಡಿಸಿದರೆ ಕರೆಂಟ್ ಒಂದು ಆಂಪಿಯರಿನ ಸುತ್ತ ಉಳಿಯುತ್ತದೆ. ಸದ್ದು ಕೇಳಿಸಿತೆಂದು ಪೂರ್ತಿ ನಂಬಲೂ ಆಗದು: ಪ್ಲಂಜರ್ ಅಲುಗಿತು ಎಂದಷ್ಟೇ ಅದರ ಅರ್ಥ, ಅದರ ಬಾಯಿ ಬಿಗಿಯಾಗಿ ಮುಚ್ಚಿತು ಎಂದಲ್ಲ. ಹೊರತೆಗೆದ ಸೊಲೆನಾಯ್ಡಿನ ಸಣ್ಣ ಜಾಲರಿಯಲ್ಲಿ ಕಸ ಕಟ್ಟಿದೆಯೇ ನೋಡಿ, ಕಡಿಮೆ ಒತ್ತಡದ ಗಾಳಿ ಊದಿ ಮುಚ್ಚಿದ ಸ್ಥಿತಿಯಲ್ಲಿ ಸೋರುತ್ತದೆಯೇ ಪರೀಕ್ಷಿಸಿ. ಕಂಪ್ಯೂಟರನ್ನೇ ಗೇರ್‌ಬಾಕ್ಸಿನೊಳಗೆ ಸೊಲೆನಾಯ್ಡುಗಳ ಜೊತೆ ಕೂರಿಸಿರುವ ಹೊಸ ಗಾಡಿಗಳಲ್ಲಿ ಈ ಯಾವುದನ್ನೂ ಹೊರಗಿನಿಂದ ಮಾಡಲಾಗುವುದಿಲ್ಲ. ಅಲ್ಲಿ ಸ್ಕ್ಯಾನರಿನ ಜಾರುವಿಕೆಯ ಅಂಕಿಯನ್ನೇ ಓದಬೇಕು. ಎಂಜಿನ್ನಿನ ಸುತ್ತಿನಿಂದ ಟರ್ಬೈನಿನ ಸುತ್ತನ್ನು ಕಳೆದು ಬರುವ ಆ ಅಂಕಿ, ಲಾಕ್‌ಅಪ್ ಪೂರ್ತಿ ಬಿದ್ದಾಗ ಸೊನ್ನೆಯ ಹತ್ತಿರ ನಿಲ್ಲಬೇಕು.

ಬ್ರೇಕ್ ಸ್ವಿಚ್, ಆಯಿಲ್, ವೈರಿಂಗ್, ಸೊಲೆನಾಯ್ಡ್ ಇಷ್ಟೂ ಸರಿಯಿದ್ದು, ಕರೆಂಟ್ ಹೋಗುತ್ತಿದ್ದರೂ ಜಾರುವಿಕೆ ಇಳಿಯದಿದ್ದರೆ ಆಗ ವಾಲ್ವ್ ಬಾಡಿ ಬಿಚ್ಚಬೇಕು, ಅದೂ ಸರಿಯಿದ್ದರೆ ಕನ್ವರ್ಟರ್. ಯಾವ ಕೆಲಸ ಮಾಡಿಸಿದರೂ ಹಳೆಯ ದೋಷ ದಾಖಲೆಗಳನ್ನು ಅಳಿಸಿ, ಗಾಡಿ ಕೇಳಿದರೆ ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಹೊಸದಾಗಿ ಕಲಿಕೆ ಮಾಡಿಸಿ, ಮೊದಲು ಹೋದ ಅದೇ ರಸ್ತೆಗೆ, ಅದೇ ಹೊತ್ತಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಹೋಗಿ, 80ರ ವೇಗದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲ ಅಂಕಿಯ ಪಕ್ಕದಲ್ಲೇ ಬರೆದುಕೊಳ್ಳಿ. ಗ್ಯಾರೇಜಿನ ಬಾಕಿ ಹಣವನ್ನು ಆ ಎರಡು ಅಂಕಿಗಳನ್ನು ತೋರಿಸಿದ ಮೇಲೆ ಕೊಟ್ಟರೆ ಸಾಕು.